ಸೈಕಲ್ ಮೇಲೆ ಕಾರ್ಸಿಕಾ ದ್ವೀಪ



ಮೆಡಿಟರೇನಿಯನ್ ವಾಯುಗುಣ ಅಂದರೆ ಏನು ಎಂದು ಕೇಳಿದರೆ ನಾವೆಲ್ಲ "ಬೇಸಿಗೆಯಲ್ಲಿ ಒಣಹವೆ, ಚಳಿಗಾಲದಲ್ಲಿ ಮಳೆ" ಎಂದು ಬರೆದು ಅಂಕ ತೆಗೆದುಕೊಳ್ಳುತ್ತೇವೆ. ಆ ಒಣಹವೆಯಲ್ಲಿ ಸೈಕಲ್ ತುಳಿದು ಘಟ್ಟ ಹತ್ತುವವನ ಗತಿ ಏನು ಅಂತ ಯಾರೂ ಬರೆಯುವುದಿಲ್ಲ. ಅದಕ್ಕೇ ಈ ಸಲ ಕಾರ್ಸಿಕಾ ದ್ವೀಪದ ಬಗ್ಗೆ ಬರೆದಿದ್ದೇನೆ. ಬೇರೆ ಬೇರೆ ದೇಶದವರು ಹಡಗಿನಲ್ಲಿ ಸೈಕಲ್ ಹಾಕಿಕೊಂಡು ಬಂದು ಸುತ್ತುವ ಜಾಗ ಅದು. ನಾನೇನೂ ಹೋಗಿಲ್ಲ. ಓದಿ, ನಕ್ಷೆ ನೋಡಿ, ಲೆಕ್ಕ ಮಾಡಿ ಬರೆದದ್ದು.

ಮೊದಲು ಯುರೋಪಿನ ಭೂಪಟ ನೋಡಿ. ಇಟಲಿ ಬೂಟಿನ ಹಾಗೆ ಇದೆಯಲ್ಲ, ಅದರ ಪಶ್ಚಿಮಕ್ಕೆ ಸಮುದ್ರದಲ್ಲಿ ಎರಡು ದ್ವೀಪ ಮೇಲೆ ಕೆಳಗೆ ಇವೆ. ಕೆಳಗಿನ ದೊಡ್ಡದು ಸಾರ್ಡಿನಿಯಾ, ಮೇಲಿನದು ಕಾರ್ಸಿಕಾ. ಮುಷ್ಟಿ ಹಿಡಿದು ತೋರುಬೆರಳು ಮಾತ್ರ ಮೇಲಕ್ಕೆತ್ತಿ. ಅದೇ ಅದರ ಆಕಾರ. ಉದ್ದ ಸುಮಾರು 183 ಕಿ.ಮೀ., ಅಗಲ ಹೆಚ್ಚೆಂದರೆ 83 ಕಿ.ಮೀ. ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ಚಿಕ್ಕದು. ಇಟಲಿಗೆ ಹತ್ತಿರ ಇದ್ದರೂ ಅದು ಫ್ರಾನ್ಸಿಗೆ ಸೇರಿದೆ. ಜಿನೋವಾದವರು 1768ರಲ್ಲಿ ಅದನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟರು. ಮರುವರ್ಷ ಆಗಸ್ಟ್ 15ರಂದು ಅಲ್ಲಿಯ ಅಜಾಕ್ಸಿಯೊ ಊರಿನಲ್ಲಿ ನೆಪೋಲಿಯನ್ ಹುಟ್ಟಿದ. ತಾರೀಖು ನೆನಪಿಡಲು ನಮಗೆ ಕಷ್ಟವಿಲ್ಲ!

ಇಷ್ಟು ಸಣ್ಣ ದ್ವೀಪದಲ್ಲಿ 2,706 ಮೀಟರ್ ಎತ್ತರದ ಬೆಟ್ಟ ಇದೆ. ಹೆಸರು ಮೊಂಟೆ ಚಿಂಟೊ. ನಮ್ಮ ಮುಳ್ಳಯ್ಯನಗಿರಿ 1,930 ಮೀ. ಅಷ್ಟೇ. ಸಮುದ್ರದಿಂದ ಆ ಬೆಟ್ಟಕ್ಕೆ 30 ಕಿ.ಮೀ. ಕೂಡ ಇಲ್ಲ. ಅಂದ ಮೇಲೆ ಸಮತಟ್ಟು ರಸ್ತೆ ಎಲ್ಲಿಂದ ಬರಬೇಕು? ಪೂರ್ವ ದಡದಲ್ಲಿ ಸ್ವಲ್ಪ ಇದೆ. ಉಳಿದ ಕಡೆ ಏರು, ಇಳಿ, ತಿರುವು, ಮತ್ತೆ ಏರು.

ಹಾಗಾದರೆ ಸಾಮಾನು ಕಟ್ಟಿಕೊಂಡು ಹೇಗೆ ಹತ್ತುತ್ತಾರೆ? ಗೇರಿನಿಂದ. ಇದನ್ನು ಸರಿಯಾಗಿ ತಿಳಿಯಬೇಕು. ನಮ್ಮಪ್ಪನ ಕರೀ ಸೈಕಲ್ ಮಗುಚಿ ಹಾಕಿ ಹಲ್ಲು ಎಣಿಸಿದೆ. ಪೆಡ್ಲಿನ ಹತ್ತಿರದ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. 44ನ್ನು 18ರಿಂದ ಭಾಗಿಸಿದರೆ ಸುಮಾರು 2.4. ಅಂದರೆ ಪೆಡ್ಲು ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ 2.4 ಸುತ್ತು ತಿರುಗ್ತದೆ. ಗಾಲಿಯ ಸುತ್ತಳತೆಯನ್ನು ದಾರದಲ್ಲಿ ಅಳೆದೆ, ಸುಮಾರು 2.2 ಮೀಟರ್ ಬಂತು. ಆದ್ದರಿಂದ ಒಂದು ತುಳಿತಕ್ಕೆ ಸೈಕಲ್ 5 ಮೀಟರಿಗಿಂತ ಹೆಚ್ಚು ಮುಂದೆ ಹೋಗ್ತದೆ. ಸಮತಟ್ಟಿಗೆ ಅದು ಸರಿ. ಏರಿನಲ್ಲಿ ಒಂದೇ ತುಳಿತಕ್ಕೆ ಅಷ್ಟು ದೂರ ಎತ್ತಬೇಕು ಎಂದರೆ ಮೊಣಕಾಲು ಬಿದ್ದು ಹೋಗ್ತದೆ, ಆಮೇಲೆ ಇಳಿದು ತಳ್ಳುವುದೇ. ಗೇರು ಇರುವ ಸೈಕಲಿನಲ್ಲಿ ಮುಂದೆ 34 ಹಲ್ಲು, ಹಿಂದೆಯೂ 34 ಹಲ್ಲಿಗೆ ಚೈನು ಬೀಳುವಂತೆ ಮಾಡಬಹುದು. ಆಗ ಒಂದು ತುಳಿತಕ್ಕೆ ಗಾಲಿ ಒಂದೇ ಸುತ್ತು. ಹೋಗುವುದು ಎರಡು ಮೀಟರ್ ಚಿಲ್ಲರೆ, ಆದರೆ ತುಳಿಯುವುದು ಹಗುರ. ಕೆಲಸ ಕಮ್ಮಿ ಆಯ್ತು ಅಂತ ತಿಳಿಯಬೇಡಿ. ಅದೇ ಕೆಲಸ ಹೆಚ್ಚು ತುಳಿತಕ್ಕೆ ಹಂಚಿ ಹೋಯ್ತು, ಅಷ್ಟೆ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ದ್ವೀಪವನ್ನು ಯಾವ ಕಡೆಯಿಂದ ಸುತ್ತಬೇಕು? ಫ್ರಾನ್ಸಿನಲ್ಲಿ ವಾಹನಗಳು ರಸ್ತೆಯ ಬಲಗಡೆ ಹೋಗುತ್ತವೆ. ಗಡಿಯಾರದ ಮುಳ್ಳಿನಂತೆ ಸುತ್ತಿದರೆ ಬೆಟ್ಟ ನಮ್ಮ ಬಲಕ್ಕೆ, ಸಮುದ್ರ ಎಡಕ್ಕೆ. ಆಗ ನಾವು ಬೆಟ್ಟದ ಗೋಡೆ ಬದಿ ಇರ್ತೇವೆ. ವಿರುದ್ಧವಾಗಿ ಸುತ್ತಿದರೆ ಸಮುದ್ರ ಬಲಕ್ಕೆ, ನಾವು ಸೀದಾ ಪ್ರಪಾತದ ಅಂಚಿನಲ್ಲಿ. ಅಲ್ಲಿ ಕೆಲವು ಕಡೆ ಅಂಚಿಗೆ ಮೊಣಕಾಲೆತ್ತರದ ಕಲ್ಲುಕಟ್ಟೆ ಮಾತ್ರ ಇದೆ. ಹೆದರುವವರಿಗೆ ಮೊದಲನೆಯದು, ನೋಡಬೇಕು ಎನ್ನುವವರಿಗೆ ಎರಡನೆಯದು. ನಾನಾದರೆ ಎರಡನೆಯದೇ. ನಮ್ಮ ದೇಶದಲ್ಲಿ ಎಡಗಡೆ ಹೋಗುವುದರಿಂದ ಈ ಲೆಕ್ಕ ತಿರುಗುಮುರುಗು ಆಗ್ತದೆ. ಬೇಕಾದರೆ ಸ್ಲೇಟಿನಲ್ಲಿ ದುಂಡಗೆ ಬರೆದು ನೋಡಿ.

ಈಗ ಹೊರಡೋಣ. ಈಶಾನ್ಯದ ಬಾಸ್ತಿಯಾ ಬಂದರಿನಲ್ಲಿ ಹಡಗು ಇಳಿದು, ಮೇಲೆ ಹೇಳಿದ ಬೆರಳಿನ ಸುತ್ತ ಮೊದಲು ಹೋಗುವುದು. ಆ ಬೆರಳಿಗೆ ಕಾಪ್ ಕೋರ್ಸ್ ಎನ್ನುತ್ತಾರೆ. ಸಾಂ ಫ್ಲೋರಾಂ ಊರು ಮುಟ್ಟುವಾಗ 100 ಕಿ.ಮೀ. ದಾಟಿರ್ತದೆ. ದಡದ ಉದ್ದಕ್ಕೂ ದುಂಡನೆಯ ಕಲ್ಲಿನ ಬುರುಜುಗಳು. ಕಡಲ್ಗಳ್ಳರು ಬಂದು ಜನರನ್ನು ಹಿಡಿದುಕೊಂಡು ಹೋಗುತ್ತಿದ್ದ ಕಾಲದಲ್ಲಿ ಜಿನೋವಾದವರ ಆಡಳಿತದಲ್ಲಿ ಕಟ್ಟಿದ್ದು. ಹಡಗು ಕಂಡರೆ ಒಂದು ಬುರುಜಿನಲ್ಲಿ ಬೆಂಕಿ ಹಾಕುವುದು, ಅದನ್ನು ನೋಡಿ ಮುಂದಿನವರು ಹಾಕುವುದು, ಹೀಗೆ ಸುದ್ದಿ ದ್ವೀಪ ಸುತ್ತುತ್ತಿತ್ತು. ಅರವತ್ತಕ್ಕೂ ಹೆಚ್ಚು ಬುರುಜುಗಳು ಈಗಲೂ ನಿಂತಿವೆ. ಬೆರಳಿನ ಪಶ್ಚಿಮ ಬದಿಗೆ ನೈರುತ್ಯದಿಂದ ಲಿಬೆಚು ಎಂಬ ಗಾಳಿ ಬೀಸುತ್ತದೆ. ಎದುರುಗಾಳಿಗೆ ಸಿಕ್ಕಿದವನಿಗೆ ಇಳಿಜಾರಿನಲ್ಲೂ ತುಳಿಯಬೇಕಾಗ್ತದೆ.

ಗುಡ್ಡದ ಮೇಲೆಲ್ಲ ಮಾಕಿ ಎನ್ನುವ ಕುರುಚಲು ಕಾಡು. ಬೇಸಿಗೆಯ ಒಣಹವೆ ತಡೆಯಲು ಆ ಗಿಡಗಳ ಎಲೆ ಸಣ್ಣದಾಗಿ, ದಪ್ಪವಾಗಿ ಇರ್ತವೆ. ಹಲವುದರಲ್ಲಿ ಎಣ್ಣೆಯ ಅಂಶ ಇದ್ದು ಬಿಸಿಲಿಗೆ ಘಮ್ ಎನ್ನುತ್ತವೆ. ಕಣ್ಣು ಮುಚ್ಚಿದ್ದರೂ ವಾಸನೆಯಿಂದಲೇ ನನ್ನ ದ್ವೀಪ ಗುರುತಿಸುತ್ತೇನೆ ಎಂದು ನೆಪೋಲಿಯನ್ ಹೇಳುತ್ತಿದ್ದನಂತೆ. ಅದೇ ಎಣ್ಣೆಯಿಂದಾಗಿ ಕಾಡಿಗೆ ಬೇಗ ಬೆಂಕಿ ಹತ್ತುತ್ತದೆ. ಅದಕ್ಕೇ ಜುಲೈ, ಆಗಸ್ಟ್ ಬಿಟ್ಟು ಮೇ, ಜೂನ್ ಅಥವಾ ಸೆಪ್ಟೆಂಬರಿನಲ್ಲಿ ಹೋಗುವುದು ಒಳ್ಳೆಯದು. ಕುಡಿಯುವ ನೀರಿಗೆ ಹಳ್ಳಿಗಳಲ್ಲಿ ಕಲ್ಲಿನ ನಲ್ಲಿಕಟ್ಟೆ ಇರ್ತವೆ. ಆದರೆ "ಓ ನೋ ಪೊಟಾಬ್ಲ್" ಎಂಬ ಬೋರ್ಡು ಇದ್ದರೆ ಬಾಯಿ ಹಾಕಬಾರದು. ಕುಡಿಯಲು ಯೋಗ್ಯವಲ್ಲ ಎಂದು ಅರ್ಥ.

ಪಶ್ಚಿಮ ದಡದಲ್ಲಿ ಕಾಲ್ವಿ ಸಿಗ್ತದೆ. ಅಲ್ಲಿಂದ ಪೋರ್ಟೊಗೆ 80 ಕಿ.ಮೀ. ಸುಮಾರು. ಫ್ರಾನ್ಸಿನ ದೊಡ್ಡ ಸೈಕಲ್ ಪಂದ್ಯ ಟೂರ್ ಡಿ ಫ್ರಾನ್ಸ್ ಶುರುವಾದದ್ದು 1903ರಲ್ಲಿ. ಕಾರ್ಸಿಕಾಕ್ಕೆ ಅದು ಮೊದಲ ಸಲ ಬಂದದ್ದು 2013ರಲ್ಲಿ, ನೂರನೇ ಪಂದ್ಯಕ್ಕೆ! ಮೂರು ದಿನ ಅಲ್ಲೇ ನಡೆಯಿತು. ಮೊದಲ ದಿನ ಬಾಸ್ತಿಯಾದಲ್ಲಿ ಒಂದು ತಂಡದ ಬಸ್ಸು ಗೆಲುವಿನ ಗೆರೆಯ ಕಮಾನಿನ ಅಡಿಯಲ್ಲಿ ಸಿಕ್ಕಿಹಾಕಿಕೊಂಡು, ಅತ್ತ ಸವಾರರು ಬರುತ್ತಿದ್ದರೆ ಇತ್ತ ಟೈರಿನ ಗಾಳಿ ಇಳಿಸಿ ಬಸ್ಸನ್ನು ಹಿಂದಕ್ಕೆ ತೆಗೆದರಂತೆ. ಮೂರನೇ ದಿನ ಅಜಾಕ್ಸಿಯೊದಿಂದ ಕಾಲ್ವಿವರೆಗೆ 145 ಕಿ.ಮೀ. ದಾರಿಯನ್ನು ಗೆದ್ದವರು ನಾಲ್ಕು ಗಂಟೆಯೊಳಗೆ ಮುಗಿಸಿದರು. ಸಾಮಾನು ಹೊತ್ತವರಿಗೆ ಅದು ಎರಡು ಮೂರು ದಿನದ ದಾರಿ. ಪೋರ್ಟೊದ ಆಚೆ ಪಿಯಾನಾ ಎಂಬಲ್ಲಿ ಕೆಂಪು ಕಲ್ಲಿನ ಕೋಡುಗಳು ಸಮುದ್ರದಿಂದ ಎದ್ದು ನಿಂತಿವೆ. ರಸ್ತೆ ಅವುಗಳ ನಡುವೆಯೇ ನುಗ್ಗಿ ಹೋಗ್ತದೆ. ಯುನೆಸ್ಕೊ 1983ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ದೊಡ್ಡ ಏರು ಇರುವುದು ಪೋರ್ಟೊದಿಂದ ಒಳಗೆ ಹೋದರೆ. ಸಮುದ್ರ ಮಟ್ಟದಿಂದ 1,478 ಮೀ. ಎತ್ತರದ ವೆರ್ಜಿಯೊ ಕಣಿವೆದಾರಿಗೆ 34 ಕಿ.ಮೀ. ಆಗಬಹುದು. ಭಾಗಾಕಾರ ಮಾಡಿದರೆ ಪ್ರತಿ 100 ಮೀಟರಿಗೆ 4 ಮೀಟರಿಗಿಂತ ಸ್ವಲ್ಪ ಹೆಚ್ಚು ಏರು. ಕೇಳಲು ಸಣ್ಣದು. ಗಂಟೆಗೆ 8 ಕಿ.ಮೀ.ನಂತೆ ಹೋದರೆ ನಾಲ್ಕು ಗಂಟೆಗೂ ಹೆಚ್ಚು ತುಳಿಯುತ್ತಲೇ ಇರಬೇಕು. ದಾರಿಯಲ್ಲಿ ಎವಿಸಾ ಎಂಬ ಹಳ್ಳಿ, ಸುತ್ತ ಚೆಸ್ಟ್‌ನಟ್ ಮರಗಳು. ಹಿಂದೆ ಧಾನ್ಯ ಬೆಳೆಯದ ಈ ಗುಡ್ಡಗಳಲ್ಲಿ ಜನ ಆ ಕಾಯಿ ಒಣಗಿಸಿ ಹಿಟ್ಟು ಬೀಸಿ, ಮುದ್ದೆಯಂತೆ ಮಾಡಿ ತಿಂದು ಬದುಕಿದರು. ಹಂದಿಗಳನ್ನು ಕಾಡಿಗೆ ಬಿಟ್ಟು ಸಾಕುತ್ತಾರೆ. ಅವು ರಸ್ತೆ ಮಧ್ಯ ಮಲಗಿರ್ತವೆ, ಬೆಲ್ಲು ಹೊಡೆದರೂ ಏಳುವುದಿಲ್ಲವಂತೆ.

ಇಳಿಯುವಾಗ ಹುಷಾರು. ಬ್ರೇಕ್ ಹಿಡಿದೇ ಇದ್ದರೆ ರಬ್ಬರು ಉಜ್ಜಿ ರಿಮ್ಮು ಕಾಯ್ತದೆ, ಟ್ಯೂಬು ಸಿಡಿಯಲೂಬಹುದು. ಒತ್ತಿ ಬಿಡಬೇಕು, ಒತ್ತಿ ಬಿಡಬೇಕು. ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು, ತಿರುವಿನ ಒಳಗೆ ಅಲ್ಲ.

ಇಳಿದು ಹೋದರೆ ದ್ವೀಪದ ನಟ್ಟನಡುವೆ ಕೋರ್ತೆ ಎಂಬ ಊರು. ಕಾರ್ಸಿಕಾ ಸ್ವತಂತ್ರವಾಗಿದ್ದಾಗ ಅವರ ನಾಯಕ ಪಸ್ಕ್ವಾಲೆ ಪಾವೊಲಿ 1765ರಲ್ಲಿ ಇಲ್ಲಿ ವಿಶ್ವವಿದ್ಯಾಲಯ ತೆರೆದ. 1769ರಲ್ಲಿ ಫ್ರಾನ್ಸ್ ಗೆದ್ದ ಮೇಲೆ ಅದು ಮುಚ್ಚಿತು. ಮತ್ತೆ ಬಾಗಿಲು ತೆರೆದದ್ದು 1981ರಲ್ಲಿ. ಇನ್ನೂರು ವರ್ಷ ದಾಟಿದ ಮೇಲೆ! ಅಲ್ಲಿಯ ಸ್ವಂತ ಭಾಷೆ ಕೊರ್ಸಿಕನ್, ಇಟಾಲಿಯನ್ನಿಗೆ ಹತ್ತಿರದ್ದು. ಬಹಳ ಕಾಲ ಶಾಲೆಯಲ್ಲಿ ಫ್ರೆಂಚ್ ಒಂದೇ ಇತ್ತು, ಮನೆಯಲ್ಲೂ ಮಾತು ಕಮ್ಮಿಯಾಗುತ್ತ ಬಂತು. ಯುನೆಸ್ಕೊ ಅದನ್ನು ಅಳಿವಿನ ಅಪಾಯದಲ್ಲಿರುವ ಭಾಷೆಗಳಲ್ಲಿ ಸೇರಿಸಿದೆ. ಈಗ ಶಾಲೆಗಳಲ್ಲಿ ಅದನ್ನೂ ಕಲಿಸುತ್ತಾರೆ. ಊರಿನ ಬೋರ್ಡುಗಳಲ್ಲಿ ಎರಡೂ ಹೆಸರು ಇರ್ತವೆ, ಎಷ್ಟೋ ಕಡೆ ಫ್ರೆಂಚ್ ಹೆಸರಿಗೆ ಯಾರೋ ಕಪ್ಪು ಬಣ್ಣ ಬಳಿದಿರ್ತಾರೆ. ಆದ್ದರಿಂದ ಸೈಕಲಿನವರು ಎರಡೂ ಹೆಸರು ಬರೆದಿಟ್ಟುಕೊಳ್ಳಬೇಕು, ಇಲ್ಲವಾದರೆ ದಾರಿ ತಪ್ಪುತ್ತಾರೆ.

ಕಾಲು ಸೋತವರಿಗೆ ಕೋರ್ತೆಯಲ್ಲಿ ರೈಲು ನಿಲ್ದಾಣ ಇದೆ. ಮೀಟರ್ ಗೇಜಿನ ಸಣ್ಣ ರೈಲು ಬೆಟ್ಟಗಳ ನಡುವೆ ಒಂದು ಕಡೆ ಬಾಸ್ತಿಯಾಕ್ಕೂ ಇನ್ನೊಂದು ಕಡೆ ಅಜಾಕ್ಸಿಯೊಗೂ ಹೋಗ್ತದೆ.