ತಂತಿಯ ಹೆಡ್‌ಫೋನು ಮತ್ತು ತಂತಿಯಿಲ್ಲದ ಹೆಡ್‌ಫೋನು

ವಿರಾರಿನಿಂದ ಚರ್ಚ್‌ಗೇಟಿಗೆ ಹೋಗುವ ಗಾಡಿಯಲ್ಲಾಗಲಿ, ಕಲ್ಯಾಣದಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ಬರುವ ಗಾಡಿಯಲ್ಲಾಗಲಿ ಕುಳಿತವರನ್ನು ಗಮನಿಸಿದರೆ, ಅನೇಕರ ಕಿವಿಗಳಲ್ಲಿ ಒಂದಲ್ಲ ಒಂದು ಬಗೆಯ ಹೆಡ್‌ಫೋನು ಇರುವುದು ಕಂಡುಬರುತ್ತದೆ. ಕೆಲವರದು ತಂತಿಯುಳ್ಳದ್ದು, ಕೆಲವರದು ತಂತಿಯಿಲ್ಲದ್ದು. ಇವೆರಡರಲ್ಲಿ ಯಾವುದು ಮೇಲು ಎಂಬ ಚರ್ಚೆಯು ವಿದ್ಯಾರ್ಥಿಗಳಲ್ಲಿ ಆಗಾಗ ನಡೆಯುವುದುಂಟು. ಹೊಸದಾದುದೆಲ್ಲವೂ ಉತ್ತಮವೆಂದಾಗಲಿ, ಹಳೆಯದಾದುದೆಲ್ಲವೂ ತ್ಯಾಜ್ಯವೆಂದಾಗಲಿ ತಿಳಿಯುವುದು ವಿಜ್ಞಾನದ ಮಾರ್ಗವಲ್ಲ. ಆದುದರಿಂದ ಇವೆರಡರ ರಚನೆಯನ್ನೂ ಗುಣದೋಷಗಳನ್ನೂ ವಿಚಾರಿಸಿ ನೋಡೋಣ.

ಪಿನ್ನಿನ ಪೂರ್ವಕಥೆ

ಹೆಡ್‌ಫೋನಿನ ತಂತಿಯ ತುದಿಯಲ್ಲಿರುವ ಲೋಹದ ಕಡ್ಡಿಗೆ ನಾವು ಪಿನ್ನು ಎನ್ನುತ್ತೇವೆ. ಅದು ಹೋಗಿ ಕೂರುವ ರಂಧ್ರಕ್ಕೆ ಜ್ಯಾಕ್ ಎಂದು ಹೆಸರು. ಇದು ಮೊಬೈಲಿನೊಡನೆ ಹುಟ್ಟಿದ ವಸ್ತುವಲ್ಲ. ಇದರ ಮೂಲವು ಹತ್ತೊಂಬತ್ತನೆಯ ಶತಮಾನದ ಟೆಲಿಫೋನು ವಿನಿಮಯ ಕೇಂದ್ರದಲ್ಲಿದೆ. ಮುಂಬಯಿಯಲ್ಲಿ ಅಂತಹ ಕೇಂದ್ರವು 1882ರಲ್ಲಿ ಪ್ರಾರಂಭವಾಯಿತು. ಆ ಕಾಲದಲ್ಲಿ ಒಬ್ಬರ ಮನೆಯಿಂದ ಮತ್ತೊಬ್ಬರ ಮನೆಗೆ ಕರೆಯು ತಾನಾಗಿ ಹೋಗುತ್ತಿರಲಿಲ್ಲ. ಕೇಂದ್ರದಲ್ಲಿದ್ದ ಕೆಲಸಗಾರರು ಪಿನ್ನುಳ್ಳ ತಂತಿಯನ್ನು ಹಲಗೆಯ ಮೇಲಿನ ತಕ್ಕ ರಂಧ್ರಕ್ಕೆ ಚುಚ್ಚಿ ಇಬ್ಬರನ್ನು ಜೋಡಿಸುತ್ತಿದ್ದರು. ಅಂತಹ ಹಲಗೆಗಳಲ್ಲಿ ಬಳಕೆಗೆ ಬಂದ ಕಾಲಂಗುಲದ, ಎಂದರೆ 6.35 ಮಿಲಿಮೀಟರಿನ ಪಿನ್ನು ವಿದ್ಯುತ್ ಗಿಟಾರಿನಲ್ಲಿ ಇಂದಿಗೂ ಉಳಿದಿದೆ. ಅದರ ಚಿಕ್ಕ ರೂಪವೇ 3.5 ಮಿಲಿಮೀಟರಿನದು. ಟ್ರಾನ್ಸಿಸ್ಟರು ರೇಡಿಯೋಗಳಲ್ಲಿ ಬಳಕೆಗೆ ಬಂದ ಇದು, 1979ರಲ್ಲಿ ಜಪಾನಿನ ಸೋನಿ ಸಂಸ್ಥೆಯ ವಾಕ್‌ಮನ್ ಬಂದ ಬಳಿಕ ಜಗತ್ತಿನ ಮೂಲೆಮೂಲೆಗೂ ಹರಡಿತು.

ಹೆಡ್‌ಫೋನಿಗೂ ಮುಂಬಯಿಗೂ ಹಳೆಯ ನಂಟಿದೆ. 1927ರ ಜುಲೈ 23ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಮುಂಬಯಿ ಕೇಂದ್ರವನ್ನು ವೈಸರಾಯ್ ಲಾರ್ಡ್ ಇರ್ವಿನ್ನರು ಉದ್ಘಾಟಿಸಿದರು. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಬಂದುದು ಕನ್ನಡಿಗರು ಹೆಮ್ಮೆಪಡಬೇಕಾದ ವಿಷಯ. ಆರಂಭದ ವರ್ಷಗಳಲ್ಲಿ ಸ್ಫಟಿಕ ರೇಡಿಯೋ ಎಂಬ ಅಗ್ಗದ ಯಂತ್ರವಿತ್ತು. ಅದಕ್ಕೆ ಬ್ಯಾಟರಿಯೂ ಬೇಡ, ವಿದ್ಯುತ್ತೂ ಬೇಡ. ಗಾಳಿಯಲ್ಲಿ ಬಂದ ಅಲೆಯ ಶಕ್ತಿಯೇ ಸಾಕಾಗುತ್ತಿತ್ತು. ಆದರೆ ಆ ಅಲ್ಪ ಶಕ್ತಿಯಿಂದ ಧ್ವನಿವರ್ಧಕವನ್ನು ನುಡಿಸಲಾಗದು. ಹೆಡ್‌ಫೋನನ್ನು ಕಿವಿಗೆ ಹಚ್ಚಿಕೊಂಡೇ ಕೇಳಬೇಕಾಗಿತ್ತು.

ಕಾರ್ಯವಿಧಾನ

ಮೊಬೈಲಿನಲ್ಲಿ ಹಾಡು ಅಂಕೆಗಳ ರೂಪದಲ್ಲಿರುತ್ತದೆ. ತಂತಿಯ ಹೆಡ್‌ಫೋನನ್ನು ಜ್ಯಾಕಿಗೆ ಸೇರಿಸಿದಾಗ, ಮೊಬೈಲು ಆ ಅಂಕೆಗಳನ್ನು ಏರಿಳಿಯುವ ವಿದ್ಯುತ್ಪ್ರವಾಹವಾಗಿ ಮಾರ್ಪಡಿಸಿ ತಂತಿಗೆ ಬಿಡುತ್ತದೆ. ಕಿವಿಯ ಬಳಿ ಒಂದು ಚಿಕ್ಕ ಅಯಸ್ಕಾಂತವೂ, ಅದರ ಬಳಿ ಸೂಕ್ಷ್ಮವಾದ ತಾಮ್ರದ ಸುರುಳಿಯೂ, ಸುರುಳಿಗೆ ಅಂಟಿದ ತೆಳುಪೊರೆಯೂ ಇರುತ್ತವೆ. ಪ್ರವಾಹವು ಏರಿಳಿದಂತೆ ಸುರುಳಿಯು ಹಿಂದೆ ಮುಂದೆ ಅಲುಗುತ್ತದೆ. ಪೊರೆಯು ನಡುಗಿ ಗಾಳಿಯನ್ನು ನಡುಗಿಸುತ್ತದೆ. ಆ ನಡುಕವೇ ನಮಗೆ ಧ್ವನಿ. ಪಿನ್ನನ್ನು ನೋಡಿದರೆ ಕಪ್ಪು ಗೆರೆಗಳಿಂದ ಬೇರ್ಪಟ್ಟ ಮೂರು ಅಥವಾ ನಾಲ್ಕು ಲೋಹಭಾಗಗಳು ಕಾಣುತ್ತವೆ. ತುದಿಯದು ಎಡಗಿವಿಗೆ, ಅದರ ಮುಂದಿನದು ಬಲಗಿವಿಗೆ. ಉಳಿದವುಗಳಲ್ಲಿ ಒಂದು ಪ್ರವಾಹವು ಮರಳುವ ದಾರಿ. ನಾಲ್ಕನೆಯದಿದ್ದರೆ ಅದು ಮಾತನಾಡುವ ಮೈಕಿನದು.

ತಂತಿಯಿಲ್ಲದ ಹೆಡ್‌ಫೋನಿನಲ್ಲಿಯೂ ಅಯಸ್ಕಾಂತ, ಸುರುಳಿ, ಪೊರೆಗಳು ಇದ್ದೇ ಇರುತ್ತವೆ. ಆದರೆ ಮೊಬೈಲು ಅಂಕೆಗಳನ್ನು ಸಂಕ್ಷೇಪಿಸಿ ರೇಡಿಯೋ ಅಲೆಗಳ ಮೂಲಕ ಕಳುಹಿಸುತ್ತದೆ. ಅವುಗಳನ್ನು ಹಿಡಿಯುವ ಯಂತ್ರ, ಬಿಡಿಸುವ ಯಂತ್ರ, ಇವಕ್ಕೆ ಶಕ್ತಿ ಕೊಡುವ ಬ್ಯಾಟರಿ, ಎಲ್ಲವೂ ಹೆಡ್‌ಫೋನಿನೊಳಗೇ ಇರಬೇಕು. ಈ ಏರ್ಪಾಡಿಗೆ ಬ್ಲೂಟೂತ್ ಎಂದು ಹೆಸರು. ಸ್ವೀಡನ್ನಿನ ಎರಿಕ್‌ಸನ್ ಸಂಸ್ಥೆಯಲ್ಲಿ 1994ರಲ್ಲಿ ಆರಂಭವಾದ ಈ ಕಾರ್ಯಕ್ಕೆ ಹತ್ತನೆಯ ಶತಮಾನದ ಡೆನ್ಮಾರ್ಕಿನ ಅರಸನೊಬ್ಬನ ಅಡ್ಡಹೆಸರನ್ನು ಇಟ್ಟರು.

ಇಲ್ಲಿ ಒಂದು ಸಂದೇಹವು ಸಹಜ. ಒಂದೇ ಡಬ್ಬಿಯಲ್ಲಿ ಹಲವರು ತಂತಿಯಿಲ್ಲದ ಹೆಡ್‌ಫೋನು ಧರಿಸಿದಾಗ ಒಬ್ಬರ ಹಾಡು ಮತ್ತೊಬ್ಬರ ಕಿವಿಗೆ ಏಕೆ ಹೋಗುವುದಿಲ್ಲ? ಪ್ರತಿಯೊಂದು ಜೋಡಿಯೂ ಮೊದಲೇ ಪರಸ್ಪರ ಗುರುತು ಮಾಡಿಕೊಂಡಿರುತ್ತದೆ. ಅಲ್ಲದೆ ಸಾಮಾನ್ಯ ಬ್ಲೂಟೂತಿನಲ್ಲಿ 79 ಕಿರುಮಾರ್ಗಗಳಿದ್ದು, ಜೋಡಿಯು ಸೆಕೆಂಡಿಗೆ 1600 ಬಾರಿಯವರೆಗೆ ಮಾರ್ಗವನ್ನು ಬದಲಿಸುತ್ತದೆ. ಎರಡು ಜೋಡಿಗಳು ಕ್ಷಣಮಾತ್ರ ಎದುರಾದರೂ ಮರುಕ್ಷಣವೇ ಬೇರೆಯಾಗುತ್ತವೆ.

ಒಂದು ಚಿಕ್ಕ ಲೆಕ್ಕ

ರೇಡಿಯೋ ಅಲೆಯು ಸೆಕೆಂಡಿಗೆ ಸುಮಾರು 30 ಕೋಟಿ ಮೀಟರು ಚಲಿಸುತ್ತದೆ. ಎಫ್.ಎಂ. ಕೇಂದ್ರದ ಅಲೆಯು ಸೆಕೆಂಡಿಗೆ ಸುಮಾರು 10 ಕೋಟಿ ಬಾರಿ ಕಂಪಿಸುವುದರಿಂದ ಅದರ ಉದ್ದ 3 ಮೀಟರು. ಬ್ಲೂಟೂತಿನ ಅಲೆಯ ಕಂಪನ ಸುಮಾರು 240 ಕೋಟಿ. ಆದುದರಿಂದ ಉದ್ದ ಹನ್ನೆರಡೂವರೆ ಸೆಂಟಿಮೀಟರು ಮಾತ್ರ. ಅಲೆಯನ್ನು ಹಿಡಿಯುವ ಆಂಟೆನಾ ಅಲೆಯ ಉದ್ದದ ನಾಲ್ಕನೆಯ ಒಂದು ಭಾಗದಷ್ಟಿದ್ದರೆ ಅನುಕೂಲ. ಬ್ಲೂಟೂತಿನ ಆಂಟೆನಾ ಕಿವಿಯಲ್ಲಿ ಅಡಗುವುದಕ್ಕೆ ಇದೇ ಕಾರಣ. ಎಫ್.ಎಂ. ರೇಡಿಯೋಗೆ ಮುಕ್ಕಾಲು ಮೀಟರು ಬೇಕು; ಅಷ್ಟು ಉದ್ದದ ವಸ್ತು ಮೊಬೈಲಿನಲ್ಲಿ ಹಿಡಿಸುವುದಿಲ್ಲ. ಆದುದರಿಂದಲೇ ಅನೇಕ ಮೊಬೈಲುಗಳಲ್ಲಿ ಎಫ್.ಎಂ. ಕೇಳಬೇಕಾದರೆ ಹೆಡ್‌ಫೋನಿನ ತಂತಿಯನ್ನು ಜೋಡಿಸಲೇಬೇಕು. ಆ ತಂತಿಯೇ ಅಲ್ಲಿ ಆಂಟೆನಾ.

ಈ ಸಣ್ಣ ಸಂಗತಿಯು ಆಪತ್ಕಾಲದಲ್ಲಿ ದೊಡ್ಡದಾಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ತಾಸುಗಳಲ್ಲಿ 944 ಮಿಲಿಮೀಟರು ಮಳೆ ಸುರಿದು, ಗಾಡಿಗಳು ನಿಂತು, ಎಷ್ಟೋ ಕಡೆ ಮೊಬೈಲು ಸಂಪರ್ಕವೂ ಕಡಿಯಿತು. ಅಂತಹ ಹೊತ್ತಿನಲ್ಲಿ ಮೊಬೈಲು ಗೋಪುರಗಳ ಹಂಗಿಲ್ಲದೆ ಸುದ್ದಿಯನ್ನು ತಲಪಿಸಬಲ್ಲುದು ರೇಡಿಯೋ. ಮೊಬೈಲುಗಳಲ್ಲಿ ಎಫ್.ಎಂ. ಸೌಲಭ್ಯವನ್ನು ಉಳಿಸಬೇಕೆಂದು ಭಾರತ ಸರಕಾರವು 2023ರಲ್ಲಿ ತಯಾರಕರಿಗೆ ಸಲಹೆಯಿತ್ತುದು ಇದೇ ಕಾರಣದಿಂದ.

ಗುಣದೋಷಗಳು

2016ರಲ್ಲಿ ಅಮೆರಿಕದ ಆ್ಯಪಲ್ ಸಂಸ್ಥೆಯು ಐಫೋನ್ 7ರಲ್ಲಿ ಜ್ಯಾಕನ್ನು ತೆಗೆದುಹಾಕಿತು. ಒಳಗಿನ ಸ್ಥಳವು ಇತರ ಭಾಗಗಳಿಗೆ ಬೇಕೆಂಬುದು ಅದು ಹೇಳಿದ ಕಾರಣಗಳಲ್ಲಿ ಒಂದು. ಇತರ ತಯಾರಕರಲ್ಲಿ ಅನೇಕರು ಅದೇ ದಾರಿ ಹಿಡಿದರು. ಅಗ್ಗದ ಮೊಬೈಲುಗಳಲ್ಲಿ ಮಾತ್ರ ಜ್ಯಾಕು ಹಲವೆಡೆ ಉಳಿದಿದೆ.

ತಂತಿಯಿಲ್ಲದುದರ ಅನುಕೂಲಗಳು ಸ್ಪಷ್ಟ. ಜನಸಂದಣಿಯಲ್ಲಿ ತಂತಿಯು ಯಾರ ಚೀಲಕ್ಕೋ ಸಿಕ್ಕಿ ಮೊಬೈಲು ಕೆಳಗೆ ಬೀಳುವ ಭಯವಿಲ್ಲ. ವ್ಯಾಯಾಮ ಮಾಡುವವರಿಗೆ ತೊಡಕಿಲ್ಲ. ದೋಷಗಳೆಂದರೆ, ದಿನವೂ ಚಾರ್ಜು ಮಾಡಬೇಕು. ಕಿವಿಯಿಂದ ಜಾರಿ ಹಳಿಯ ಮೇಲೆ ಬಿದ್ದರೆ ಹೋಯಿತು. ಬ್ಯಾಟರಿಯು ಕೆಲವು ವರ್ಷಗಳಲ್ಲಿ ಸೊರಗುತ್ತದೆ, ಅದನ್ನು ಬದಲಿಸುವುದು ಕಷ್ಟ. ಧ್ವನಿಯೂ ತುಸು ತಡವಾಗಿ ಬರುತ್ತದೆ. ಈ ತಡವು ಸೆಕೆಂಡಿನ ಐದನೆಯ ಒಂದು ಭಾಗವಾದರೆ, ಅದು ವಾಂಖೇಡೆ ಮೈದಾನದಲ್ಲಿ ಸುಮಾರು 68 ಮೀಟರು ದೂರ ಕುಳಿತವನಿಗೆ ಬ್ಯಾಟಿನ ಸದ್ದು ತಡವಾಗಿ ಕೇಳಿದಷ್ಟೇ ಆಗುತ್ತದೆ. ಹಾಡಿಗೆ ಇದು ಬಾಧಕವಲ್ಲ. ಆಟಕ್ಕೂ ಸಂಗೀತಾಭ್ಯಾಸಕ್ಕೂ ಬಾಧಕ.

ತಂತಿಯ ಹೆಡ್‌ಫೋನು ಪಿನ್ನಿನ ಬಳಿ ಬಾಗಿ ಬಾಗಿ ಕಡಿಯುತ್ತದೆ, ಗಂಟಾಗುತ್ತದೆ. ಆದರೆ ಬೆಲೆ ಕಡಿಮೆ, ಬ್ಯಾಟರಿ ಬೇಕಿಲ್ಲ, ಬೆಸುಗೆ ಬಲ್ಲವನು ಕಡಿದ ತಂತಿಯನ್ನು ಸರಿಪಡಿಸಬಲ್ಲನು. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಮೊಬೈಲಿನಲ್ಲಿ ನಡೆದಾಗ, ಒಂದೇ ಕೋಣೆಯ ಮನೆಯಲ್ಲಿ ಅಣ್ಣನ ಪಾಠವು ತಂಗಿಯ ಪಾಠಕ್ಕೆ ಅಡ್ಡಿಯಾಗದಂತೆ ಕಾಪಾಡಿದುದು ಇಂತಹ ಸಾಧನವೇ. ಓದಿಗೆ ಬೇಕಾದುದು ಬೆಲೆಯಲ್ಲ, ಕೆಲಸಕ್ಕೆ ಬರುವ ಗುಣ. ತಂತಿಯ ಹೆಡ್‌ಫೋನು ಧರಿಸಿದ ಸಹಪಾಠಿಯನ್ನು ಹಳಬನೆಂದು ಹಾಸ್ಯ ಮಾಡುವುದು ಸಲ್ಲದು.

ಎರಡಕ್ಕೂ ಸಲ್ಲುವ ಎಚ್ಚರಿಕೆ

ತಂತಿಯಿರಲಿ, ಇಲ್ಲದಿರಲಿ, ಕಿವಿಗೆ ತಗಲುವ ಪೆಟ್ಟು ಒಂದೇ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ದೊಡ್ಡವರಿಗೆ 80 ಡೆಸಿಬೆಲ್, ಮಕ್ಕಳಿಗೆ 75 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ತಾಸುಗಳನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಹತ್ತು ಡೆಸಿಬೆಲ್ ಹೆಚ್ಚಿದರೆ ಧ್ವನಿಶಕ್ತಿಯು ಹತ್ತು ಮಡಿಯಾಗುವುದು; 90 ಡೆಸಿಬೆಲ್ಲಿನಲ್ಲಿ ದೊಡ್ಡವರಿಗೂ 4 ತಾಸು ಮಾತ್ರ. ಗಾಡಿಯ ಗದ್ದಲವನ್ನು ಮೀರಿಸಲು ಧ್ವನಿಯನ್ನು ಏರಿಸುವವರು ಇದನ್ನು ನೆನಪಿನಲ್ಲಿಡಬೇಕು.

ಕಿವಿಗಿಂತಲೂ ದೊಡ್ಡದು ಪ್ರಾಣ. ಹಳಿ ದಾಟುವುದು 1989ರ ರೈಲ್ವೆ ಕಾಯಿದೆಯ 147ನೆಯ ವಿಧಿಯಂತೆ ಅಪರಾಧ. ಕಿವಿ ಮುಚ್ಚಿಕೊಂಡು ದಾಟುವುದು ಸಾವನ್ನು ಕರೆದಂತೆ. ವೇಗದ ಗಾಡಿಯು ಹಿಂದಿನಿಂದ ಬರುವಾಗ ಮೊದಲು ಎಚ್ಚರಿಸುವುದು ಕಣ್ಣಲ್ಲ, ಕಿವಿ. ಆದುದರಿಂದ ಫಲಾಟಿನ ಅಂಚಿನಲ್ಲಿಯೂ ರಸ್ತೆ ದಾಟುವಾಗಲೂ ಹೆಡ್‌ಫೋನನ್ನು ಕಿವಿಯಿಂದ ತೆಗೆಯಿರಿ. ಮಿಕ್ಕ ವೇಳೆಯಲ್ಲಿ ನಿಮ್ಮ ಅಗತ್ಯವನ್ನೂ ಮನೆಯವರ ಶಕ್ತಿಯನ್ನೂ ನೋಡಿ, ಯಾವುದು ಸಲ್ಲುವುದೋ ಅದನ್ನು ಬಳಸಿರಿ.

ಅಭ್ಯಾಸ

1. ಸೆಕೆಂಡಿಗೆ 9 ಕೋಟಿ ಬಾರಿ ಕಂಪಿಸುವ ರೇಡಿಯೋ ಅಲೆಯ ಉದ್ದವೆಷ್ಟು?
2. ಮನೆಯಲ್ಲಿ ಕೆಟ್ಟುಹೋದ ತಂತಿಯ ಹೆಡ್‌ಫೋನಿದ್ದರೆ ಹಿರಿಯರ ಸಮ್ಮುಖದಲ್ಲಿ ಬಿಚ್ಚಿ, ಅಯಸ್ಕಾಂತ, ಸುರುಳಿ, ಪೊರೆಗಳನ್ನು ಗುರುತಿಸಿರಿ. ತಂತಿಯಿಲ್ಲದುದನ್ನು ಬಿಚ್ಚಬೇಡಿರಿ, ಅದರ ಬ್ಯಾಟರಿಯು ಬೆಂಕಿ ಹತ್ತಬಹುದು.