ಇಂದಿನ ಧಮ್ಮಚಿಂತನೆ: ಮುಚ್ಚಿ ಹಿಡಿದ ಬಟ್ಟಲು




ನಮ್ಮ ಪಿತೃಪಕ್ಷದ ಹಾಗೆ ಜಪಾನೀಯರು ತೀರಿಕೊಂಡ ಹಿರಿಯರನ್ನು ನೆನೆಯುವ ಹಬ್ಬ ಓಬೋನ್. ಜಪಾನಿನ ಬಹುಭಾಗದಲ್ಲಿ ಅದು ಆಗಸ್ಟ್ ಮಧ್ಯದಲ್ಲಿ ಬರುತ್ತದೆ. ನಾನಿರುವ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಜಪಾನೀ ಮೂಲದವರ ಬೌದ್ಧ ಮಂದಿರ ಜುಲೈನ ಒಂದು ಶನಿವಾರ, ಭಾನುವಾರ ಇಟ್ಟುಕೊಳ್ಳುತ್ತದೆ. (ಪರದೇಶದಲ್ಲಿ ತಿಥಿಗಿಂತ ರಜೆ ದೊಡ್ಡದು. ನಮ್ಮ ಯುಗಾದಿಯದ್ದೂ ಇದೇ ಪಾಡು.)

ಹಬ್ಬದ ಹಿಂದಿರುವುದು ಉಲ್ಲಂಬನ ಸೂತ್ರದ ಕಥೆ. ಮೊಗ್ಗಲ್ಲಾನರು ದಿವ್ಯದೃಷ್ಟಿಯಿಂದ ನೋಡಿದರೆ ತಾಯಿ ಪ್ರೇತಲೋಕದಲ್ಲಿ ಹಸಿದು ಮೂಳೆ ಚರ್ಮವಾಗಿದ್ದಳು. ಬಟ್ಟಲಲ್ಲಿ ಅನ್ನ ಒಯ್ದು ಕೊಟ್ಟರು. ಆಕೆ ಎಡಗೈಯಲ್ಲಿ ಬಟ್ಟಲನ್ನು ಮರೆಮಾಡಿಕೊಂಡು ಬಲಗೈಯಲ್ಲಿ ತುತ್ತೆತ್ತಿದಳು. ಬಾಯಿಗೆ ಸೇರುವ ಮೊದಲೇ ಅದು ಕೆಂಡವಾಯಿತು. ಋದ್ಧಿಯಲ್ಲಿ ಅಗ್ರರೆನಿಸಿದ ಶಿಷ್ಯರ ಕೈಯಲ್ಲೂ ಆಗಲಿಲ್ಲ. ವರ್ಷಾವಾಸ ಮುಗಿಸಿ ಏಳುವ ಸಂಘಕ್ಕೆ ದಾನ ನೀಡು ಎಂದರು ಬುದ್ಧರು. ಹಾಗೆ ಮಾಡಿದ ಮೇಲೆ ತಾಯಿಗೆ ಬಿಡುಗಡೆಯಾಯಿತು. ಮಗ ಸಂತೋಷದಿಂದ ಕುಣಿದರಂತೆ, ಓಬೋನಿನ ಕುಣಿತ ಅಲ್ಲಿಂದ ಬಂತು ಎನ್ನುತ್ತಾರೆ.

ನನ್ನನ್ನು ಕಾಡಿದ್ದು ಆ ಎಡಗೈ. ಅಮ್ಮ ಹೋದಾಗ ನಾನು ಊರು ಮುಟ್ಟುವಷ್ಟರಲ್ಲಿ ದಹನ ಮುಗಿದಿತ್ತು. ಆಮೇಲೆ ಪ್ರತಿವರ್ಷ ಅವಳ ದಿನ ಅವಳಿಗಿಷ್ಟವಾದ ಹೆಸರುಬೇಳೆ ಪಾಯಸ ಮಾಡಿ, ಯಾರನ್ನೂ ಕರೆಯದೆ ಒಬ್ಬನೇ ಕೂರುತ್ತಿದ್ದೆ. ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದನ್ನೇ ಪ್ರೀತಿ ಎಂದುಕೊಂಡಿದ್ದೆ.

ಈ ಮಂದಿರ ಜೋದೋ ಶಿನ್‌ಶೂ ಪಂಥದ್ದು. ಸತ್ತವರು ಹಸಿದು ಮನೆಗೆ ಬರುತ್ತಾರೆ ಎಂದು ಇವರು ನಂಬುವುದಿಲ್ಲ. ಓಬೋನನ್ನು ‘ಕಾಂಗಿ-ಎ’, ಅಂದರೆ ಆನಂದದ ಕೂಟ ಎನ್ನುತ್ತಾರೆ. ಮೊದಲ ವರ್ಷ ನನಗೆ ಇದು ಸ್ವಲ್ಪ ನಿಷ್ಠುರವಾಗಿ ಕಂಡಿತ್ತು, ಸುಳ್ಳು ಹೇಳುವುದಿಲ್ಲ.

ರಸ್ತೆಯ ಮೇಲೆ ಸಾಲಾಗಿ ಕುಣಿಯುತ್ತಿದ್ದರು. ನೋಡುತ್ತ ನಿಂತಿದ್ದ ನನ್ನನ್ನು ಒಬ್ಬ ಅಜ್ಜಿ ಕೈಹಿಡಿದು ಎಳೆದರು. ಬರುವುದಿಲ್ಲ ಎಂದೆ. ಇಲ್ಲಿ ಯಾರಿಗೂ ಬರುವುದಿಲ್ಲ ಎಂದರು. 1942ರಲ್ಲಿ ಅಮೆರಿಕ ಸರ್ಕಾರ ಸುಮಾರು 1,20,000 ಜಪಾನೀ ಮೂಲದವರನ್ನು ಶಿಬಿರಗಳಿಗೆ ಕಳಿಸಿತು. ಮುಳ್ಳುತಂತಿಯ ಒಳಗೂ ಈ ಕುಣಿತ ನಿಲ್ಲಲಿಲ್ಲ. ಅಜ್ಜಿಯ ತಾಯಿ ಅಲ್ಲೇ ಕುಣಿದವರಂತೆ.

ಎಲ್ಲರೂ ಬಲಗೈ ಎತ್ತಿದಾಗ ನಾನು ಎಡಗೈ ಎತ್ತಿದೆ. ಯಾರೂ ನಗಲಿಲ್ಲ. ನಾನೇ ನಕ್ಕೆ, ಅಮ್ಮ ಹೋದ ಮೇಲೆ ಅವಳ ನೆನಪಿನೊಂದಿಗೆ ಮೊದಲ ಸಲ.

ಈ ವರ್ಷ ಅಮ್ಮನ ದಿನ ಎರಡು ಸೇರು ಹೆಸರುಬೇಳೆಯ ಪಾಯಸ ಮಾಡಿ ಮಂದಿರದ ಅಡುಗೆಮನೆಗೆ ಒಯ್ದೆ. ಅಜ್ಜಿ ಎರಡು ಬಾರಿ ಹಾಕಿಸಿಕೊಂಡರು. ಬೆಲ್ಲ ಸ್ವಲ್ಪ ಹೆಚ್ಚಾಯಿತು ಎಂದೂ ಹೇಳಿದರು.