ಕಿಸೆಯಲ್ಲಿರುವ ಕಂಪ್ಯೂಟರ್: ಒಂದು ಅಭ್ಯಾಸ ಪಾಠ

ತರಗತಿ: 9 ಅವಧಿ: 40 ನಿಮಿಷ
ಪಾಠಾಂಶ: ಕಾರ್ಯಾಚರಣಾ ವ್ಯವಸ್ಥೆ
ಕಲಿಕಾಫಲ: ನಿತ್ಯ ಬಳಸುವ ಸಾಧನಗಳಲ್ಲಿ ಯುನಿಕ್ಸ್ ಮಾದರಿಯ ವ್ಯವಸ್ಥೆಯನ್ನು ಆಧಾರಸಹಿತ ಗುರುತಿಸುವುದು.

ಪೂರ್ವಜ್ಞಾನ ಪರೀಕ್ಷೆ

ನಿರ್ಣಾದ ತರಗತಿಯಲ್ಲಿ "ಯಾರ ಮನೆಯಲ್ಲಿ ಕಂಪ್ಯೂಟರ್ ಇದೆ?" ಎಂದು ಕೇಳಿದೆ. ಮೂರು ಕೈಗಳು ಎದ್ದವು. "ಮೊಬೈಲ್?" ಎಂದಾಗ ಎಲ್ಲರೂ ಕೈ ಎತ್ತಿದರು. ಮೊಬೈಲ್ ಕೂಡ ಕಂಪ್ಯೂಟರೇ ಎಂದಾಗ ಹಿಂದಿನ ಬೆಂಚಿನವರೂ ನೆಟ್ಟಗೆ ಕುಳಿತರು. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕಿರಲಿಲ್ಲ.

ವಿಷಯ ನಿರೂಪಣೆ

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ರೂಪಿಸತೊಡಗಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದೇ ಮಾದರಿಯಲ್ಲಿ, ಹೊಸದಾಗಿ ಬರೆದ ಲಿನಕ್ಸ್ ತಿರುಳನ್ನು ಬಿಡುಗಡೆ ಮಾಡಿದರು. ತಿರುಳು ಅಥವಾ ಕರ್ನಲ್ ಎಂದರೆ ಯಂತ್ರಾಂಶ ಮತ್ತು ಆ್ಯಪ್‌ಗಳ ನಡುವೆ ನಿಂತು ಕೆಲಸ ಹಂಚುವ ಭಾಗ. ಒಂದೇ ಬಗೆಯ ಎಂಜಿನ್ ಟ್ರ್ಯಾಕ್ಟರಿನಲ್ಲೂ ಜೀಪಿನಲ್ಲೂ ಇರುವಂತೆ, ಲಿನಕ್ಸ್ ತಿರುಳು ಆಂಡ್ರಾಯ್ಡ್ ಫೋನ್, ಹಲವು ಸ್ಮಾರ್ಟ್ ಟಿವಿ ಮತ್ತು ವೈಫೈ ರೂಟರ್‌ಗಳಲ್ಲಿದೆ. ಐಫೋನ್ ಮತ್ತು ಮ್ಯಾಕ್‌ಗಳದು ಯುನಿಕ್ಸ್ ಕುಟುಂಬದ ಇನ್ನೊಂದು ಕವಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೂಪರ್ ಕಂಪ್ಯೂಟರ್ 'ಪರಮ್ ಪ್ರವೇಗ' ನಡೆಯುವುದೂ ಲಿನಕ್ಸ್ ಮೇಲೆಯೇ. ಮೇಜಿನ ಮೇಲಿನ ಕಂಪ್ಯೂಟರ್‌ಗಳಲ್ಲಿ ಮಾತ್ರ ವಿಂಡೋಸ್‌ನದೇ ಮೇಲುಗೈ. ಅಲ್ಲೂ ಅದೊಂದೇ ದಾರಿಯಲ್ಲ. ಕೇರಳದ ಸರ್ಕಾರಿ ಶಾಲೆಗಳ ಐಟಿ ಕಲಿಕೆ ಲಿನಕ್ಸ್ ಮೇಲೆ ನಡೆಯುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಪರಿಚಯದ ಪರದೆ ಅದೇ.

ನಾನು ಎಡವಿದ್ದು

ಉತ್ಸಾಹದಲ್ಲಿ "ಎಲ್ಲ ಫೋನ್‌ಗಳಲ್ಲೂ ಯುನಿಕ್ಸ್ ಮಾದರಿಯೇ" ಎಂದುಬಿಟ್ಟೆ. ಒಬ್ಬ ಹುಡುಗಿ ಎದ್ದು, "ನಮ್ಮ ಮುತ್ಯಾನ ಬಟನ್ ಫೋನ್‌ನಾಗೂ ಅದ ಏನ್ರಿ ಸರ್?" ಎಂದಳು. ಉತ್ತರ ತಿಳಿದಿರಲಿಲ್ಲ. "ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ" ಎಂದೆ.

ಮರುದಿನ ಹಲಗೆಯ ಮೇಲಿನ ವಾಕ್ಯವನ್ನು ಮಕ್ಕಳೆದುರೇ ತಿದ್ದಿದೆ. ಸಾಮಾನ್ಯ ಬಟನ್ ಫೋನ್‌ಗಳಲ್ಲಿ ಹೆಚ್ಚಿನವು ಯುನಿಕ್ಸ್‌ಗೆ ಸಂಬಂಧವಿಲ್ಲದ ಪುಟ್ಟ ವ್ಯವಸ್ಥೆಗಳಿಂದ ನಡೆಯುತ್ತವೆ. ಆದರೆ 2017ರಲ್ಲಿ ಬಂದ ಜಿಯೋಫೋನ್‌ಗೂ ಬಟನ್‌ಗಳೇ ಇದ್ದವು. ಅದರ ಕಾಯ್‌ಓಎಸ್‌ನ ಒಳಗಿರುವುದು ಲಿನಕ್ಸ್ ತಿರುಳು. ಅಂದರೆ ಹೊರರೂಪ ನೋಡಿ ವರ್ಗೀಕರಿಸಲಾಗದು, ಆಧಾರ ಬೇಕು.

ಚಟುವಟಿಕೆ

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಫೋನ್ ಬಗ್ಗೆ' ಭಾಗ ತೆರೆದು, ಆಂಡ್ರಾಯ್ಡ್ ಆವೃತ್ತಿಯ ವಿವರಗಳಲ್ಲಿ 'ಕರ್ನಲ್ ಆವೃತ್ತಿ' ಹುಡುಕಿಸಿದೆ. ಅಲ್ಲಿ ಕಾಣುವ ಅಂಕಿ ಲಿನಕ್ಸ್ ತಿರುಳಿನ ಆವೃತ್ತಿ. ನಂತರ ಮಕ್ಕಳು ಸಾಧನಗಳ ಮಿಂಚುಪಟ್ಟಿಗಳನ್ನು 'ಹೌದು', 'ಅಲ್ಲ', 'ಪರೀಕ್ಷಿಸಬೇಕು' ಎಂದು ಮೂರು ಗುಂಪು ಮಾಡಿದರು. ಮೂರನೆಯ ಗುಂಪೇ ದೊಡ್ಡದಾಯಿತು. ಅದನ್ನು ನಾನು ಸೋಲೆಂದು ಎಣಿಸಲಿಲ್ಲ.

ಮೌಲ್ಯಮಾಪನ

1. ಲಿನಕ್ಸ್ ಅನ್ನು ಯುನಿಕ್ಸ್ 'ಮಾದರಿಯದು' ಎನ್ನುವುದೇಕೆ?
2. ನಿಮ್ಮ ಮನೆಯ ಒಂದು ಸಾಧನವನ್ನು ಆರಿಸಿ, ಅದು ಯಾವ ಗುಂಪಿಗೆ ಸೇರುತ್ತದೆಂದು ಆಧಾರದೊಂದಿಗೆ ಬರೆಯಿರಿ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಗು ಈ ವಿಷಯ ತನ್ನದಲ್ಲವೆಂದುಕೊಂಡು ದೂರ ಕೂರುತ್ತದೆ. ಪಾಠವನ್ನು ಲ್ಯಾಬಿನಿಂದಲ್ಲ, ಆ ಮಗುವಿನ ಮನೆಯ ಫೋನಿನಿಂದ ಆರಂಭಿಸಿ. ಪಾಠ ಯೋಜನೆಯಲ್ಲಿ 'ಎಲ್ಲ' ಎಂಬ ಪದ ಬರೆಯುವ ಮುನ್ನ ಮುತ್ಯಾನ ಬಟನ್ ಫೋನ್ ನೆನೆಯಿರಿ.